ಕೈಯಿಂದ ಕೈಗೆ

ತೊಡೆಗೆ ಬಿಸಿ ತಾಗುತ್ತಿದೆ, ಹಿತವಾದ ಬಿಸಿ, ಬುಟ್ಟಿಯ ತಳದ ರೊಟ್ಟಿ ಇನ್ನೂ ಆರಿಲ್ಲ, ತಳದಲ್ಲಿರುವವು ನನ್ನ ಕೈಯವು, ಬಟ್ಟೆಯಲ್ಲಿ ಸುತ್ತಿ ನಾನೇ ಇಟ್ಟದ್ದು, ಮೇಲಿನವು ಸೊಸೆ ಸುಜಾತಾಳವು — ಅವು ಬುದ್ಧ ವಿಹಾರದ ಗೇಟು ದಾಟುವ ಮೊದಲೇ ಸೆಟೆದುಕೊಂಡಿರಬೇಕು, ಲಟ್ಟಣಿಗೆಯಲ್ಲಿ ಲಟ್ಟಿಸಿದ ಜೋಳದ ರೊಟ್ಟಿಯ ಹಣೆಬರಹವೇ ಅಷ್ಟು, ಬಡೀಬೇಕವ್ವಾ, ಕೈಲೆ ಬಡೀಬೇಕು ಅಂತ ಅವಳು ಮನೆ ತುಂಬಿದಾಗಿನಿಂದ ಹೇಳುತ್ತ ಬಂದಿದ್ದೇನೆ, ಅತ್ತೀ, ಟ್ಯೂಷನ್ ಹುಡುಗ್ರು ಬಂದು ಬಾಗಲಾಗ ನಿಂತಿರ್ತಾರ, ನಾ ಬಡಕೋತ ಕುಂತ್ರ ಹೆಂಗ ಅನ್ನುತ್ತಾಳೆ, ಅದೂ ಖರೆ, ಜೇವರ್ಗಿ ಕಾಲೋನಿಯ ಅರ್ಧ ಮಕ್ಕಳಿಗೆ ಗಣಿತ ಕಲಿಸುವವಳು ಅವಳೇ, ನನಗೂ ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡುವುದನ್ನು ಕಲಿಸಿದಳು, ನಾನು ಅವಳಿಗೆ ರೊಟ್ಟಿ ಬಡಿಯುವುದನ್ನು ಮಾತ್ರ ಕಲಿಸಲಾಗಲಿಲ್ಲ, ಇರಲಿ, ಮನೆಯಲ್ಲಿ ಒಂದು ವಿಷಯದಲ್ಲಾದರೂ ನಾನೇ ಮೇಲು ಅಂತ ಉಳಿಯಬೇಕಲ್ಲ. ಟೆಂಪೊ ಗುಂಡಿಗೆ ಬಿತ್ತು, ಹಿಂದೆ ಬೇಳೆಯ ಪಾತ್ರೆಯ ಮುಚ್ಚಳ ಟಣ್ ಅಂತು, ಹೆಂಗಸರೆಲ್ಲ ಒಟ್ಟಿಗೆ ಅಯ್ಯಯ್ಯ ಅಂದರು, ಆಮೇಲೆ ಒಟ್ಟಿಗೆ ನಕ್ಕರು, ಖಾಲಾ, ಗಟ್ಟಿ ಹಿಡಕೋರಿ, ರಸ್ತಾ ಖರಾಬ್ ಅದ ಅಂತ ಟೆಂಪೊ ನಡೆಸುವ ಹುಸೇನ ಈಗ ಹೇಳುತ್ತಾನೆ, ಗುಂಡಿಗೆ ಬೀಳಿಸಿದ ಮೇಲೆ, ಒಳ್ಳೆಯವನು ಹುಸೇನ, ಹುಣ್ಣಿಮೆ ಬಂತೆಂದರೆ ಯಾರೂ ಕರೆಯದೆ ಟೆಂಪೊ ತಂದು ವಿಹಾರದ ಮುಂದೆ ನಿಲ್ಲಿಸುತ್ತಾನೆ, ಬಾಡಿಗೆ ಎಂದರೆ ಮುಖ ಊದಿಸುತ್ತಾನೆ, ನಿಮ್ಮ ಕೈದು ಎರಡು ರೊಟ್ಟಿ ತೆಗೆದಿಡ್ರಿ ಸಾಕು ಅನ್ನುತ್ತಾನೆ, ನಿಮ್ಮ ಕೈದು ಅಂದನಲ್ಲ, ಸುಜಾತಾ ಕೇಳಿಸಿಕೊಂಡಳೋ ಇಲ್ಲವೋ. ಮಹಾಗಾಂವ ಕ್ರಾಸ್ ದಾಟಿತು. ಪ್ರತಿ ಹುಣ್ಣಿಮೆಗೂ ನಮ್ಮದು ಇದೇ ಕೆಲಸ, ಬೆಳಿಗ್ಗೆ ವಿಹಾರದಲ್ಲಿ ತ್ರಿಸರಣ ಪಂಚಶೀಲ ಹೇಳುವುದು, ಅಲ್ಲೇ ಹಿತ್ತಲಲ್ಲಿ ಬೇಳೆ ಬೇಯಿಸುವುದು, ಮನೆಮನೆಯ ರೊಟ್ಟಿ ಒಂದೆಡೆ ಸೇರಿಸುವುದು, ಜಗತ್ ಸರ್ಕಲ್ಲಿನ ಹತ್ತಿರವೋ ನಂದೂರಿನ ದಾಲ್ ಮಿಲ್ಲುಗಳ ಮುಂದೋ ಹಸಿದವರಿಗೆ ಬಡಿಸುವುದು, ಇವತ್ತು ಮಾತ್ರ ಕಮಲಾಪುರ, ನಾನು ಹಟ ಹಿಡಿದದ್ದಕ್ಕೆ ಕಮಲಾಪುರ, ಅತ್ತೀ, ನೀವು ಗಾಡ್ಯಾಗೇ ಕುಂತಿರ್ರಿ, ಮೊಣಕಾಲು ಬ್ಯಾನಿ ಅದ, ಬಡಸೂದು ನಾವು ನೋಡ್ಕೋತೀವಿ ಅಂದಳು ಸುಜಾತಾ ಹತ್ತುವಾಗ, ಆಗಲಿ ಅಂದೆ, ಆಗಲಿ ಅನ್ನುವುದಕ್ಕೇನು, ಬಾಯಿ ಅನ್ನುತ್ತದೆ, ಕಾಲು ತನಗೆ ಬೇಕಾದ ಕಡೆ ಇಳಿಯುತ್ತದೆ.

ಕಮಲಾಪುರದಾಗ ಈಗ ನಮ್ಮವರು ಯಾರ ಅದಾರವ್ವ ಅಂತ ಮಗ ಕಪಿಲ ನಿನ್ನೆ ಕೇಳಿದ, ಯಾರೂ ಇಲ್ಲಪ್ಪ, ಅಣ್ಣ ಸೋಲಾಪುರಕ್ಕೆ ದುಡಿಯಲು ಹೋಗಿ ಅಲ್ಲೇ ಮಣ್ಣಾದ, ಕೆಳಗಿನ ಓಣಿಯ ನಮ್ಮ ಮನೆ ಕುಸಿದು ಜಾಲಿ ಎದ್ದಿದೆಯಂತೆ, ಯಾರೂ ಇಲ್ಲ ಎಂದೇ ಹೋಗಬೇಕು, ಇದ್ದಿದ್ದರೆ ಅವರೇ ನನಗೆ ಬಡಿಸುತ್ತಿದ್ದರು, ನಾನು ಬಡಿಸಬೇಕು, ಆ ಊರಿನ ನೆಲದ ಮೇಲೆ ನಿಂತು ನನ್ನ ಕೈಯಿಂದ ಇನ್ನೊಂದು ಕೈಯೊಳಗೆ ರೊಟ್ಟಿ ಇಡಬೇಕು, ಒಂದು ಸಲ, ಇಷ್ಟೇ ನನ್ನ ಆಸೆ, ಇದನ್ನು ಕಪಿಲನಿಗೆ ಹೇಳಲಿಲ್ಲ, ಯಾರಿಗೂ ಹೇಳಿಲ್ಲ, ಗುಂಪಿನಲ್ಲಿ ಎಲ್ಲರೂ ಪಾಲಿಸುವ ನಿಯಮ ಎಲ್ಲಿಂದ ಬಂತೆಂದೇ ಅವರಿಗೆ ಗೊತ್ತಿಲ್ಲ, ನೆನೆದರೆ ನಗು ಬರುತ್ತದೆ — ಮೊದಲ ಹುಣ್ಣಿಮೆಯ ದಿನ ಈ ಸುಜಾತಾಳೇ ಅವಸರಕ್ಕೆ ಬಿದ್ದು ಮೇಲಿಂದಲೇ ಟಪ್ ಟಪ್ ಅಂತ ತಟ್ಟೆಗಳಿಗೆ ರೊಟ್ಟಿ ಬೀಳಿಸುತ್ತ ಹೋಗುತ್ತಿದ್ದಳು, ನನ್ನ ಬಾಯಿಂದ ಎಂಥ ಕೂಗು ಹೊರಟಿತೆಂದರೆ ಸಾಲಿನಲ್ಲಿ ನಿಂತವರೆಲ್ಲ ಹಿಂದೆ ಸರಿದರು, ಮ್ಯಾಲಿಂದ ಹಾಕಬ್ಯಾಡ, ಕೈಯಿಂದ ಕೈಗೆ ಕೊಡು, ನಮ್ಮಲ್ಲಿ ಪದ್ಧತಿ ಹಂಗ ಅಂದೆ, ನಮ್ಮಲ್ಲಿ ಎಂದರೆ ನಮ್ಮ ಧಮ್ಮದಲ್ಲಿ ಎಂದು ಎಲ್ಲರೂ ತಿಳಿದರು, ಮುಂದಿನ ಹುಣ್ಣಿಮೆಗೆ ನಮ್ಮ ವಿಹಾರದ ಹಿರಿಯರು, ನಿವೃತ್ತ ಹೆಡ್‌ಮಾಸ್ತರ್ ತುಕಾರಾಮ ಸರ್, ಮೈಕ್ ಹಿಡಿದು ಇದನ್ನೇ ಅರ್ಧ ತಾಸು ವಿವರಿಸಿದರು, ಕೊಡುವವನ ಕೈ ಪಡೆಯುವವನ ಕೈಗಿಂತ ಮೇಲಿರಬಾರದು, ಇದು ದಾನದ ಪರಮ ಲಕ್ಷಣ, ಪ್ರಾಚೀನ ಕಾಲದಿಂದ ನಡೆದುಬಂದ ಸಂಪ್ರದಾಯ, ನಾನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಈಗಷ್ಟೇ ಕೇಳುತ್ತಿರುವವಳ ಹಾಗೆ ಕೇಳಿದೆ, ಹುಣ್ಣಿಮೆ ಚಂದ್ರನಂಥ ರೊಟ್ಟಿ ಅಂತಲೂ ಅಂದರು ಸರ್, ಹೊಟ್ಟೆ ತುಂಬಿದವರಿಗೆ ರೊಟ್ಟಿ ಹಾಗೆಲ್ಲ ಕಾಣುತ್ತದೆ, ನನಗೆ ಕಂಡದ್ದು ಮಣಿಕಟ್ಟು. ಕಮಲಾಪುರದ ಗೌಡರ ಮನೆಯ ಹಿತ್ತಲ ಬಾಗಿಲು, ಬಾಗಿಲಿಗೆ ದೂರವಾಗಿ ಒಂದು ಕಲ್ಲು, ಆ ಕಲ್ಲು ದಾಟಬಾರದು, ದನದ ಕೊಟ್ಟಿಗೆ ಬಳಿದು ಬಂದ ಅವ್ವ, ಅವ್ವನ ಪಕ್ಕದಲ್ಲಿ ಸಣ್ಣ ಹುಡುಗಿ ನಾನು, ಮೊಣಕೈ ಒಳಗ ತಗೋ, ಉಡಿ ನಡುವ ತಗ್ಗು ಮಾಡು, ಇಲ್ಲಾಂದ್ರ ಪುಟಿದು ನೆಲಕ್ಕ ಬೀಳ್ತದ, ಮ್ಯಾಲೆ ನೋಡಬ್ಯಾಡ, ಉಡಿ ನೋಡು, ಅವ್ವ ಕಲಿಸಿದ ಮೊದಲ ಪಾಠ ಅದು, ಸೆರಗಿನ ತುದಿ ಹೇಗೆ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು, ಆದರೂ ನಾನು ಕಳ್ಳಗಣ್ಣಿನಿಂದ ಮೇಲೆ ನೋಡುತ್ತಿದ್ದೆ, ಗೌಡತಿಯ ಮುಖ ಎಂದೂ ಕಾಣಲಿಲ್ಲ, ಬಿಸಿಲು ಅವಳ ಹಿಂದೆ ಇರುತ್ತಿತ್ತು, ಕಾಣುತ್ತಿದ್ದುದು ಮಣಿಕಟ್ಟು ಒಂದೇ, ಕೆಳಗಿನಿಂದ ನೋಡಿದ ಬಿಳಿಯ ಮಣಿಕಟ್ಟು, ಕೈ ಮೇಲಕ್ಕೆ ಹೋದಂತೆ ಹಸಿರು ಬಳೆಗಳೆಲ್ಲ ಝಲ್ ಅಂತ ಮೊಣಕೈ ಕಡೆ ಜಾರುತ್ತಿದ್ದವು, ಆಮೇಲೆ ರೊಟ್ಟಿ ಗಾಳಿಯಲ್ಲಿ, ಆಮೇಲೆ ಉಡಿಯಲ್ಲಿ, ಸಪ್ಪಳವೇ ಇಲ್ಲದೆ. ಗೌಡತಿ ಕೆಟ್ಟವಳೂ ಅಲ್ಲ, ಹಬ್ಬಕ್ಕೆ ಹೋಳಿಗೆಯನ್ನೂ ಹಾಗೇ ಹಾಕುತ್ತಿದ್ದಳು, ಅದಕ್ಕೇ ಅವ್ವ ಅವಳನ್ನು ಹರಸುತ್ತಿದ್ದಳು, ನನಗೆ ಮಾತ್ರ ಸಿಟ್ಟು, ಹೊಟ್ಟೆ ತುಂಬಿದ ಮೇಲೆ ಬರುವ ಸಿಟ್ಟು, ಮದುವೆಯಾಗಿ ಕಲಬುರಗಿಗೆ ಬಂದೆ, ನಂದೂರಿನ ಮಿಲ್ಲಿನಲ್ಲಿ ಚೀಲ ಹೊರುವ ಗಂಡ ಸಿಕ್ಕ, ಚೀಲ ಹೊರುತ್ತಲೇ ಅವರು ಬೌದ್ಧ ದೀಕ್ಷೆ ತೆಗೆದುಕೊಂಡರು, ಗೋಡೆಗೆ ಬಾಬಾಸಾಹೇಬರ ಫೋಟೊ ಬಂತು, ಮಗ ಓದಿದ, ನೌಕರಿ ಹಿಡಿದ, ಅವರು ತೀರಿಹೋದರು, ನಾನು ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗತೊಡಗಿದೆ, ಎಲ್ಲ ಒಳ್ಳೆಯದೇ ಆಯಿತು, ಸಿಟ್ಟು ಎಲ್ಲಿ ಹೋಯಿತೋ, ಮಣಿಕಟ್ಟು ಮಾತ್ರ ಹೋಗಲಿಲ್ಲ.

ಬಂತು ಅಂದ ಹುಸೇನ, ಏನು ಬಂತು, ನನಗೊಂದೂ ಗುರುತು ಹತ್ತುತ್ತಿಲ್ಲ, ಹೆದ್ದಾರಿಯ ಬದಿಗೆ ಕೆಂಪು ಬಾಳೆಯ ಗೊನೆ ತೂಗುಬಿಟ್ಟ ಅಂಗಡಿಗಳು ಸಾಲಾಗಿ ನಿಂತಿವೆ, ಆ ಕೆಂಪು ಮಾತ್ರ ನನ್ನ ಕಾಲದ್ದೇ, ಉಳಿದದ್ದೆಲ್ಲ ಹೊಸದು, ಮೊಬೈಲ್ ಅಂಗಡಿ, ಎತ್ತರದ ಮನೆಗಳು, ಬೇವಿನ ಮರ ಇತ್ತಲ್ಲ, ಇದೇ ಏನು, ಇಷ್ಟು ಸಣ್ಣದಾಗಿ ಹೇಗಾಯಿತು, ಮರ ಸಣ್ಣದಾಗುತ್ತದೆಯೇ, ನಾನು ದೊಡ್ಡವಳಾದೆ. ಸಂತೆಯ ದಿನ ನೋಡಿ ಬಂದಿದ್ದೇವೆ, ಬೇವಿನ ಕೆಳಗೆ ತಟ್ಟು ಹಾಸಿದರು, ಬೇಳೆಯ ಪಾತ್ರೆ ಇಳಿಸಿದರು, ತುಕಾರಾಮ ಸರ್ ಮೈಕ್ ಇಲ್ಲದೆಯೂ ಮೈಕ್ ಹಿಡಿದವರಂತೆ ಬರ್ರಿ, ಕೂಡ್ರಿ, ಹೊಟ್ಟಿ ತುಂಬ ಊಟ ಮಾಡ್ರಿ ಅಂತ ಕೂಗುತ್ತಿದ್ದಾರೆ, ನಾನು ಗಾಡಿಯಿಂದ ಇಳಿದದ್ದು ಸುಜಾತಾಳ ಕಣ್ಣಿಗೆ ಬಿತ್ತು, ಅತ್ತೀ, ನಿಮಗ ಹೇಳಿ ಪ್ರಯೋಜನ ಇಲ್ಲ ಅಂತ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು, ನೋಡಿದಿರಾ, ಸೊಸೆ ಎಂದರೆ ಹೀಗಿರಬೇಕು, ಬೈಯುತ್ತಲೇ ಕುರ್ಚಿ ತರಬೇಕು, ಕೂತೆ, ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಬುಟ್ಟಿ, ಬನ್ನಿ, ಒಬ್ಬೊಬ್ಬರಾಗಿ ಬನ್ನಿ. ಗೊನೆ ಹೊರುವ ಕೂಲಿಗಳು, ಹೆಗಲಿಗೆ ಚೀಲ ಮಡಿಸಿ ಹಾಕಿಕೊಂಡವರು, ಊರೂರು ತಿರುಗುವ ಗುಡಾರದವರು ಮಕ್ಕಳ ಸಮೇತ, ಸಂತೆಯಲ್ಲಿ ಏನೂ ಮಾರಾಟವಾಗದೆ ಕೂತ ಒಬ್ಬ ಕಸಬರಿಗೆಯವಳು, ಎಲ್ಲರ ಕೈಯೂ ನನ್ನ ಕೈಗೆ ತಾಗುತ್ತಿದೆ, ಒರಟು ಕೈ, ಬೆವರಿನ ಕೈ, ಮದರಂಗಿ ಹಚ್ಚಿದ ಕೈ, ಬಾಳೆಯ ಕರೆಯಿಂದ ಕಪ್ಪಾದ ಕೈ, ನೀರು ಮುಟ್ಟಿ ಬಂದ ಮಗುವಿನ ತಣ್ಣನೆಯ ಅಂಗೈ, ಒಂದು ಅಂಗೈ ಕೆಳಗೆ, ಒಂದು ಮೇಲೆ, ನಡುವೆ ರೊಟ್ಟಿ, ಆಹಾ, ಇದಕ್ಕೇ ಬಂದೆ, ಅವ್ವಾ ನೋಡು, ನಮ್ಮ ಊರಿನಲ್ಲಿ ರೊಟ್ಟಿ ಹೀಗೆ ಕೈ ಬದಲಾಯಿಸುತ್ತಿದೆ, ನನ್ನ ಹೊಟ್ಟೆ ಅವರದಕ್ಕಿಂತ ಮೊದಲು ತುಂಬಿತು, ಗೊನೆ ಹೊರುವವನೊಬ್ಬ ಎರಡನೆಯ ಸಲ ಬಂದು ಇದು ಬಡಿದ ರೊಟ್ಟಿ ಅದ, ಇಂಥಾದ್ದೇ ಕೊಡ್ರಿ ಅಂದ, ಸುಜಾತಾ ಅಂತ ಕರೆದು ಅವನಿಗೆ ಇನ್ನೊಮ್ಮೆ ಹೇಳು ಎನ್ನಬೇಕೆನಿಸಿತು, ಅವಳು ಅಲ್ಲೇ ಬೇಳೆಯ ಸೌಟು ಹಿಡಿದು ನಿಂತಿದ್ದಾಳೆ, ಕೇಳಿಸಿದೆ, ಕೇಳಿಸಿ ನಗುತ್ತಿದ್ದಾಳೆ, ತೊಗೊಳ್ರಿ ಅಣ್ಣಾ, ನಮ್ಮತ್ತಿ ಕೈದು ಅಂದಳು, ಚಿನ್ನದಂಥ ಹುಡುಗಿ.

ಸಾಲು ಕರಗುತ್ತ ಬಂತು, ಉಂಡವರು ಬೇವಿನ ಬುಡದಲ್ಲಿ ಬೀಡಿ ಹಚ್ಚಿದರು, ಒಬ್ಬ ಮುದುಕಿ ಮಾತ್ರ ಇನ್ನೂ ಚರಂಡಿಯ ಆಚೆ, ಮೊದಲಿನಿಂದ ನೋಡುತ್ತಿದ್ದೇನೆ, ಸಾಲಿಗೂ ಬರುವುದಿಲ್ಲ, ಹೋಗುವುದೂ ಇಲ್ಲ, ನನಗಿಂತ ಹಿರಿಯಳು, ಬೆನ್ನು ಬಾಗಿದೆ, ಸೊಂಟದಲ್ಲಿ ಕುಡುಗೋಲು, ತೋಟದಲ್ಲಿ ಬಾಳೆಲೆ ಕೊಯ್ದು ನೇರ ಬಂದಿರಬೇಕು, ಬಾ ಅಂತ ಕೈ ಮಾಡಿದೆ, ಬಂದಳು, ಚರಂಡಿಯ ಮೇಲಿನ ಚಪ್ಪಡಿ ದಾಟಿದಳು, ಹತ್ತಿರ ಬಂದಳು, ಇನ್ನೂ ಹತ್ತಿರ ಬರುತ್ತಾಳೆ ಅನ್ನುವಷ್ಟರಲ್ಲಿ ನಿಂತಳು, ಯಾರೋ ಅವಳ ಮುಂದೆ ಕಲ್ಲು ನೆಟ್ಟ ಹಾಗೆ, ಸೆರಗು ಬಿಡಿಸಿದಳು, ತಲೆ ತಗ್ಗಿಸಿದಳು, ಅಲ್ಲಿಂದೇ ಹಾಕ್ರಿ ಅವ್ವಾರೆ ಅಂದಳು. ಇನ್ನೂ ಈಚಿ ಬರ್ರಿ ಅಂದೆ, ಬ್ಯಾಡ್ರಿ ಅವ್ವಾರೆ, ನಾ ಕೆಳಗಿನ ಓಣ್ಯಾಕಿ ಅದೀನಿ, ಅಲ್ಲಿಂದೇ ಹಾಕ್ರಿ ಅಂದಳು. ಅವ್ವಾರೆ. ನನ್ನನ್ನು. ಬಿಳಿ ಸೀರೆ, ಚಸ್ಮಾ, ಮೋಟಾರಿನಲ್ಲಿ ಬಂದದ್ದು, ಕುರ್ಚಿಯಲ್ಲಿ ಕೂತದ್ದು, ಸುತ್ತ ಕೆಲಸದವರ ಹಾಗೆ ಓಡಾಡುವ ಹೆಂಗಸರು — ಮುದುಕಿ ನನ್ನನ್ನು ದೊಡ್ಡ ಮನೆಯವಳೆಂದು ತಿಳಿದಿದ್ದಾಳೆ, ಮೇಲಿನ ಓಣಿಯವಳು ಎಂದು, ಗೌಡತಿ ಎಂದು, ಮತ್ತೆ ನಾನು, ಸುಳ್ಳು ಯಾಕೆ ಹೇಳಲಿ, ಇಲ್ಲಿ ಕೇಳುವವರು ಯಾರೂ ಇಲ್ಲ, ಒಂದು ಗಳಿಗೆ ನನಗೆ ಹಿತವಾಯಿತು, ಬೆನ್ನು ತಾನಾಗಿ ನೆಟ್ಟಗಾಯಿತು, ಕುರ್ಚಿಯ ತೋಳಿನ ಮೇಲೆ ಮೊಣಕೈ ಚೆನ್ನಾಗಿ ಕೂತಿತು, ಅಷ್ಟೇ ಆಗಿದ್ದರೆ ಚಿಂತೆಯಿಲ್ಲ, ಬುಟ್ಟಿಯಿಂದ ರೊಟ್ಟಿ ತೆಗೆದ ಕೈ ಮೇಲಕ್ಕೆದ್ದಿದೆ, ನಾನು ಏಳು ಅನ್ನಲಿಲ್ಲ, ಅದೇ ಎದ್ದಿದೆ, ಉಡಿ ಕಂಡ ಕೈ ಎತ್ತರಕ್ಕೆ ಹೋಗಿದೆ, ಕಪಿಲ ಮೊದಲ ಸಂಬಳದಲ್ಲಿ ಮಾಡಿಸಿಕೊಟ್ಟ ಎರಡು ಬಳೆ ಝಲ್ ಅಂತ ಮೊಣಕೈ ಕಡೆ ಜಾರಿವೆ, ಮಣಿಕಟ್ಟು, ಅದೇ ಮಣಿಕಟ್ಟು, ನನ್ನ ತೋಳಿಗೆ ಹತ್ತಿಕೊಂಡಿದೆ, ಕೆಳಗಿನಿಂದ ನೋಡಿದರೆ ಅವಳಿಗೂ ಹಾಗೇ ಕಾಣುತ್ತಿರಬೇಕು, ಬಿಸಿಲು ನನ್ನ ಹಿಂದೆ ಇದೆ. ಕೈ ಇಳಿಸಿದೆ. ರೊಟ್ಟಿ ಬುಟ್ಟಿಗೆ ಹಾಕಿದೆ, ನಾಚಿಕೆಯಿಂದ ಕಿವಿ ಕಾದವು, ಅಜ್ಜೀ, ಇಲ್ಲಿ ಜಾತಿ ಗೀತಿ ಏನಿಲ್ಲ, ಎಲ್ಲಾರೂ ಸಮಾನರು, ಮುಂದ ಬರ್ರಿ ಅಂತ ತುಕಾರಾಮ ಸರ್ ಭಾಷಣ ಶುರುಮಾಡಿದರು, ಮುದುಕಿ ಇನ್ನೆರಡು ಹೆಜ್ಜೆ ಹಿಂದೆ ಹೋದಳು, ಸುಜಾತಾ ತಟ್ಟೆಗೆ ಬಡಿಸಿಕೊಂಡು ತಾನೇ ಹೋದಳು, ಅಲ್ಲಿ ನೆಲಕ್ಕ ಇಡವಾ, ನೀ ಸರದ ಮ್ಯಾಲೆ ನಾ ತಗೋತೀನಿ ಅಂತ ಮುದುಕಿ ಅವಳಿಗೂ ಹೇಳಿದಳು, ಸುಜಾತಾ ನೆಲಕ್ಕೆ ಇಡದೆ, ಕೊಡಲೂ ಆಗದೆ ತಟ್ಟೆ ಹಿಡಿದು ನನ್ನ ಕಡೆ ನೋಡುತ್ತಿದ್ದಾಳೆ, ನಮ್ಮಲ್ಲಿ ಪದ್ಧತಿ ಕೈಯಿಂದ ಕೈಗೆ, ಈಗೇನು ಮಾಡಲಿ ಅತ್ತೀ ಅನ್ನುವ ಹಾಗೆ.

ಏಳಬೇಕು, ಮೊಣಕಾಲು ಏಳಲೊಲ್ಲದು, ಹುಸೇನಾ ಕೈ ಕೊಡು, ಸಂಭಾಲ್ಕೆ ಖಾಲಾ, ಸಾಕು ಬಿಡು, ಸುಜಾತಾ ನೀ ಹೋಗು, ಸರ್ ನೀವೂ ಹೋಗ್ರಿ, ಎಲ್ಲರೂ ಅತ್ತ ಹೋಗ್ರಿ, ಈಕೆ ಹೀಗೇ ಹೋದರೆ ಇವತ್ತು ನಾನು ಕೊಟ್ಟ ರೊಟ್ಟಿಯೆಲ್ಲ ನೀರಿನಲ್ಲಿ ಹೋದ ಹಾಗೆ, ಇವಳೊಬ್ಬಳು ಕೈ ಚಾಚಬೇಕು, ಬೇರೆ ಯಾರು ಚಾಚಿದರೂ ಲೆಕ್ಕವಿಲ್ಲ, ಬಟ್ಟೆಯಲ್ಲಿ ನನ್ನ ಕೈಯ ಎರಡು ರೊಟ್ಟಿ ಸುತ್ತಿಕೊಂಡೆ, ನಡೆದೆ, ನಾನು ಒಂದು ಹೆಜ್ಜೆ ಇಟ್ಟರೆ ಅವಳು ಒಂದು ಹೆಜ್ಜೆ ಹಿಂದೆ, ನಿಲ್ಲವಾ, ನನ್ನ ಮೊಣಕಾಲು ಬ್ಯಾನಿ ಅದ, ನಿನ್ನ ಬೆನ್ನು ಹತ್ತಿ ಓಡೂದು ಆಗೂದಿಲ್ಲ ಅಂದೆ, ನಿಂತಳು, ಮುಂಜಾನಿಂದ ಏನ ತಿಂದೀ ಅಂದೆ, ಚಾ ಕುಡದೀನ್ರಿ ಅಂದಳು, ಉಡಿ ಹಾಗೇ ಹಿಡಿದಿದ್ದಾಳೆ, ನಾನೂ ಕೆಳಗಿನ ಓಣ್ಯಾಕೇ ಅದೀನಿ, ಮರೆಪ್ಪನ ಮಗಳು, ಬಾವಿ ಕಡೆ ಮನಿ ಇತ್ತಲ್ಲ, ಆ ಮರೆಪ್ಪ ಅಂದೆ. ತಲೆ ಎತ್ತಿ ಚಸ್ಮಾ ನೋಡಿದಳು, ಸೀರೆ ನೋಡಿದಳು, ಬಳೆ ನೋಡಿದಳು, ಮುಖ ಸಣ್ಣದಾಯಿತು, ಬಡವರ ಜೋಡಿ ಚ್ಯಾಷ್ಟಿ ಮಾಡಬಾರದ್ರಿ ಅವ್ವಾರೆ ಅಂದಳು, ಸಿಟ್ಟಿನಿಂದಲ್ಲ, ಬೇಜಾರಿನಿಂದ, ದಿನಾ ಕೇಳಿದ ಚ್ಯಾಷ್ಟಿಗೆ ಇದೂ ಒಂದು ಅನ್ನುವ ಹಾಗೆ, ಖರೆ ಹೇಳ್ತೀನವಾ, ಗೌಡರ ಹಿತ್ತಲದಾಗ ಕಲ್ಲಿತ್ತು, ಅಲ್ಲಿ ನಿಲ್ತಿದ್ದೆವು ನಾವು ಅಂದೆ, ಆ ಕಲ್ಲು ಯಾರಿಗಿ ಗೊತ್ತಿಲ್ರಿ, ಊರಿಗೆಲ್ಲ ಗೊತ್ತದ ಅಂದಳು, ಅದೂ ಹೌದು, ಹಾಕಿದವರಿಗೂ ಗೊತ್ತು, ಒಡ್ಡಿದವರಿಗೂ ಗೊತ್ತು, ಕಲ್ಲಿನ ಮಾತು ಸಾಕ್ಷಿಯಾಗುವುದಿಲ್ಲ, ಬೇರೆ ಏನು ಹೇಳಲಿ, ಜೈ ಭೀಮ್ ಅಂದರೆ ಅದನ್ನೂ ನಗೆಚಾಟಿಕೆ ಅಂದುಕೊಂಡಾಳು, ಹಿಂದೆ ಯಾರೋ ಬೇಳೆ ಆರುತ್ತದೆ ಅಂದರು, ಆರಲಿ. ಚಪ್ಪಡಿಯ ಪಕ್ಕದ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಇಟ್ಟೆ, ಅವಳ ಎದುರಿಗೆ ಬಂದು ನಿಂತೆ, ಸೆರಗು ಬಿಚ್ಚಿದೆ, ಬಿಳಿ ಸೆರಗು, ತುದಿ ಎರಡೂ ಬೆರಳ ಸಂದಿಗೆ ತಾವಾಗಿ ಬಂದು ಕೂತವು, ಯಾರು ಕಲಿಸಬೇಕು, ಮೊಣಕೈ ಒಳಗೆ ತೆಗೆದುಕೊಂಡೆ, ಉಡಿ ನಡುವೆ ತಗ್ಗು ಮಾಡಿದೆ, ತಲೆ ತಗ್ಗಿಸಿದೆ, ಮೇಲೆ ನೋಡಬ್ಯಾಡ, ಉಡಿ ನೋಡು, ಅವ್ವಾ, ನೋಡುತ್ತಿದ್ದೇನೆ, ಹಸದೀನವಾ, ನೀನೇ ಒಂದು ರೊಟ್ಟಿ ಹಾಕು ಅಂದೆ, ನನ್ನ ದನಿ ಸಣ್ಣದಾಗಿ ಬಂತು, ಆ ದನಿಯಲ್ಲಿ ನಾನು ಮಾತಾಡದೆ ಒಂದು ಆಯುಷ್ಯ ಕಳೆದಿದೆ. ಅತ್ತ ಹೋದವರೆಲ್ಲ ಮತ್ತೆ ಹತ್ತಿರ ಬಂದು ನಿಂತರು, ತುಕಾರಾಮ ಸರ್ ಕೂಡ, ನನಗೆ ಉಡಿಯ ತಗ್ಗು ಕಾಣುತ್ತಿದೆ, ಅದರಾಚೆ ಅವಳ ಪಾದ, ಬಿರುಕು ಬಿಟ್ಟ ಪಾದ, ಹೆಬ್ಬೆರಳಿಗೆ ಒಣಗಿದ ಮಣ್ಣು, ಪಾದ ಅಲುಗಾಡಲಿಲ್ಲ, ಹಾಕುತ್ತಾಳೆ, ಗಂಟು ಬಿಚ್ಚಿ ಮೇಲಿಂದ ಹಾಕಿಬಿಡುತ್ತಾಳೆ, ಹಾಕಿದರೆ ಏನು ಮಾಡಲಿ, ಹಾಕಿದರೆ ತಿನ್ನುತ್ತೇನೆ, ಮೇಲಿಂದ ಬರುವುದಕ್ಕೆ ಮೈಯೆಲ್ಲ ಕಾಯುತ್ತಿದೆ, ಕೈ ಮೇಲಿಂದ ಬರಲಿಲ್ಲ, ಪಾದ ಒಂದು ಹೆಜ್ಜೆ ಈಚೆ ಬಂತು, ಕಲ್ಲಿಲ್ಲದ ಕಲ್ಲು ದಾಟಿತು, ಕೈ ಎದುರಿನಿಂದ ಬಂತು, ಬಾಳೆಯ ಕರೆ ಇನ್ನೂ ಹಸಿಯಾಗಿದ್ದ ಕಪ್ಪು ಕೈ, ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು, ಗಟ್ಟಿಯಾಗಿ, ಬೀಳುವವರನ್ನು ಹಿಡಿದ ಹಾಗೆ, ಬ್ಯಾಡ ತಂಗೀ ಅಂದಳು, ಉಡಿ ಒಡ್ಡಬ್ಯಾಡ, ನಾವು ಒಡ್ಡಿದ್ದು ಸಾಕು. ತಂಗೀ ಅಂದಳು. ನೀ ಮರೆಪ್ಪನ ಮಗಳೇ ಅದಿ, ಹಿಂಗ ಉಡಿ ಹಿಡಿಲಾಕ ನಮ್ಮ ಓಣ್ಯಾಗ ಕಲತೋರಿಗಿ ಬಿಟ್ರ ಯಾರಿಗೂ ಬರಂಗಿಲ್ಲ ಅಂದಳು.

ಟೆಂಪೊ ಹೊರಟಿದೆ, ಖಾಲಿ ಪಾತ್ರೆಗಳು ಹೋಗುವಾಗಿನದಕ್ಕಿಂತ ಹೆಚ್ಚು ಮಾತಾಡುತ್ತಿವೆ, ಬುಟ್ಟಿ ತೊಡೆಯ ಮೇಲೆ ಹಗುರವಾಗಿ ಕುಣಿಯುತ್ತಿದೆ, ಹುಸೇನನಿಗೆ ಎರಡು ರೊಟ್ಟಿ ಇಡುವುದು ಮರೆತುಹೋಯಿತು, ಮುಂದಿನ ಹುಣ್ಣಿಮೆಗೆ ಬಡ್ಡಿ ಸಮೇತ ಕೊಡ್ತೀನಿ ಅಂದರೆ ನಕ್ಕ, ಖಾಲಾ, ಇವತ್ತು ನೋಡೇ ಹೊಟ್ಟಿ ತುಂಬಿತು ಅಂದ, ತುಕಾರಾಮ ಸರ್ ಹಿಂದೆ ಕೂತು ಮುಂದಿನ ಭಾಷಣಕ್ಕೆ ತಯಾರಿ ನಡೆಸುತ್ತಿರಬೇಕು, ಇವತ್ತಿನ ದೃಶ್ಯ ಅಂತ ಏನೋ ಹೇಳುತ್ತಿದ್ದಾರೆ, ಹೇಳಲಿ, ಈ ಸಲ ನಿಯಮ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿದೆ. ಅವಳ ಹೆಸರು ಕಾಶೀಬಾಯಿ, ನನ್ನ ಮುಖ ಅವಳಿಗೆ ನೆನಪಿಲ್ಲ, ಅವಳದು ನನಗಿಲ್ಲ, ಅವಳಿಗೆ ನನ್ನ ಅವ್ವನ ನೆನಪಿದೆ, ನಿಮ್ಮವ್ವ ರೊಟ್ಟಿ ನೆಲಕ್ಕ ಬಿದ್ರ ಊದಿ ಊದಿ ನಿನಗ ಕೊಡ್ತಿದ್ದಳು ಅಂದಳು, ಚಪ್ಪಡಿಯ ಕಟ್ಟೆಯ ಮೇಲೆ ಒಂದೇ ತಟ್ಟೆಯಲ್ಲಿ ಉಂಡೆವು, ನಾನು ಮುರಿದದ್ದು ಅವಳಿಗೆ, ಅವಳು ಮುರಿದದ್ದು ನನಗೆ, ಅವಳಿಗೆ ಹಲ್ಲಿಲ್ಲ, ಬೇಳೆಯಲ್ಲಿ ನೆನೆಸಿ ನೆನೆಸಿ ತಿಂದಳು, ರೊಟ್ಟಿ ಮೆತ್ತಗ ಅದ ತಂಗೀ, ಯಾರು ಬಡದಿದ್ದು ಅಂದಳು, ನಾನೇ ಅಂತ ಹೇಳಲು ಬಾಯಿ ತೆರೆದವಳು ಸುಜಾತಾಳ ಮುಖ ನೋಡಿ, ನಮ್ಮ ಮನೀದು ಅಂದೆ, ಮುಂದಿನ ಹುಣ್ಣಿಮೆಗೂ ಬಾ ಅಂದಳು, ಸಾಲಿನಾಗ ನಿಂದ್ರತೀಯೇನು ಅಂದೆ, ನಿಂದ್ರತೀನಿ ಅಂದಳು. ಅತ್ತೀ, ತೋಳಿನ ತನಕ ಬಾಳಿ ಕರಿ ಹತ್ಯಾದ, ಸೀರಿಗೂ ಹತ್ಯಾದ, ಮನಿಗಿ ಹೋಗಿಂದ ನಿಂಬಿಹಣ್ಣು ತಿಕ್ಕಿ ತೊಳೀತೀನಿ ಅನ್ನುತ್ತಿದ್ದಾಳೆ ಸುಜಾತಾ ಹಿಂದಿನಿಂದ ಬಗ್ಗಿ, ಬಾಳೆಯ ಕರೆ ಹೋಗುವುದಿಲ್ಲವ್ವಾ, ಗಣಿತದವಳಿಗೆ ಯಾರು ಹೇಳಬೇಕು, ಹೋಗದಿರಲಿ, ಮಹಾಗಾಂವ ಬಂತೇನೋ, ಬಿಸಿಲು ಈಗ ಮುಂದಿನ ಗಾಜಿನಿಂದ ನೇರ ಮುಖಕ್ಕೆ ಬರುತ್ತಿದೆ, ಕಣ್ಣಿಗೆ ಅಡ್ಡ ಹಿಡಿಯಲು ಕೈ ಎತ್ತಿದೆ, ಬಳೆ ಜಾರಲಿಲ್ಲ, ಕರೆಯ ಅಂಟಿಗೆ ತೋಳಿಗೇ ಹತ್ತಿಕೊಂಡಿವೆ, ಅವುಗಳ ಕೆಳಗೆ ನಾಲ್ಕು ಬೆರಳಿನ ಕಪ್ಪು, ಹೆಬ್ಬೆರಳಿನದು ಆಚೆ, ಅವಳು ಇನ್ನೂ ಬಿಟ್ಟಿಲ್ಲದ ಹಾಗೆ, ಆ ಬಿಳಿಯ ಮಣಿಕಟ್ಟು ನೆನೆಸಿಕೊಳ್ಳಲು ನೋಡುತ್ತೇನೆ, ಹಸಿರು ಬಳೆ, ಝಲ್ ಅನ್ನುವ ಸದ್ದು, ಬರುತ್ತಿಲ್ಲ, ಕಣ್ಣ ಮುಂದೆ ಇದೊಂದೇ, ನನ್ನ ಮಣಿಕಟ್ಟು, ಅದರ ಮೇಲೆ ಆ ಕೈ, ಕಪ್ಪು ಕೈ, ಗಟ್ಟಿಯಾಗಿ ಹಿಡಿದ ಕೈ.